ಎಳನೀರೂ ಬೇಡವೇ ಡಾಕ್ಟ್ರೇ?

ಅರವತ್ತು ದಾಟಿದವರ ನಡುವೆ ಮೈಸೂರಿನಲ್ಲಿ ಹೆಸರು ಕೇಳುವ ಪದ್ಧತಿ ಇಲ್ಲ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಎದುರಾದವರು ‘ಫಾಸ್ಟಿಂಗ್ ಎಷ್ಟು?’ ಎನ್ನುತ್ತಾರೆ, ನಾವು ‘ನೂರಾ ನಲವತ್ತು’ ಎನ್ನುತ್ತೇವೆ, ಅಲ್ಲಿಗೆ ಪರಿಚಯ ಮುಗಿಯಿತು. ಬರೀ ಸಕ್ಕರೆ, ಬಿಪಿ ಇದ್ದವರನ್ನು ಅಲ್ಲಿ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಬೈಪಾಸ್ ಆದವರಿಗೆ ಕಲ್ಲುಬೆಂಚಿನ ಮೇಲೆ ಕಾಯಂ ಜಾಗ. ನಾನು ಬಹುಕಾಲ ನಿಂತೇ ಮಾತು ಕೇಳಿದವನು. ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದಾಗ ಬೆಂಚಿನ ತುದಿಯಲ್ಲಿ ಅರ್ಧ ಕೂರಲು ಬಿಟ್ಟರು. ಪೂರ್ತಿ ಕೂರುವ ಯೋಗ ಬಂದದ್ದು ಕಿಡ್ನಿಯ ದೆಸೆಯಿಂದ.

ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.8 ಎಂದಿತ್ತು. ಅದರ ಕೆಳಗೆ ಇಜಿಎಫ್‌ಆರ್ 41. ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು ಬಂದರೆ ಊರಿಗೆಲ್ಲ ಪೇಡ ಹಂಚಿದ ವಂಶ ನಮ್ಮದು. ‘ಪಾಸಾಗಿದೆ ಕಣೇ, ಆರು ಮಾರ್ಕ್ಸ್ ಮಿಕ್ಕಿದೆ’ ಎಂದು ನಮ್ಮವಳಿಗೆ ಹೇಳಿಯೇ ಕಿಡ್ನಿ ಡಾಕ್ಟರ ಮುಂದೆ ಕೂತೆ. ಅವರು ಕನ್ನಡಕ ಒರೆಸಿಕೊಂಡರು. ‘90ರ ಮೇಲಿದ್ದರೆ ಚೆನ್ನ. 60ರ ಕೆಳಗೆ ಮೂರು ತಿಂಗಳು ನಿಂತರೆ ಅದು ಬಿಟ್ಟುಹೋಗುವ ಕಾಯಿಲೆಯಲ್ಲ. 15ರ ಕೆಳಗಿಳಿದರೆ ಡಯಾಲಿಸಿಸ್ ಮಾತು ಬರುತ್ತದೆ. ನಿಮ್ಮದು ಮೂರನೇ ಹಂತ, ಬಿ.’ ಹೈಸ್ಕೂಲಿನಲ್ಲೂ ನನ್ನದು ಬಿ ಸೆಕ್ಷನ್ನೇ ಆಗಿತ್ತು ಎಂದೆ. ಅವರು ನಗಲಿಲ್ಲ.

‘ಆದರೆ ನೋವೇ ಇಲ್ಲವಲ್ಲ ಡಾಕ್ಟ್ರೇ?’

‘ಅದೇ ಅದರ ಗುಣ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನುಗಳಿರುತ್ತವೆ. ಎರಡೂ ಸೇರಿ ದಿನಕ್ಕೆ 180 ಲೀಟರ್ ಸೋಸಿ, ಒಂದೂವರೆ ಎರಡು ಲೀಟರ್ ಮಾತ್ರ ಹೊರಕ್ಕೆ ಬಿಡುತ್ತವೆ. ಅರ್ಧಕ್ಕರ್ಧ ನೆಫ್ರಾನು ಸತ್ತರೂ ಉಳಿದವು ಸದ್ದಿಲ್ಲದೆ ಹೆಚ್ಚು ದುಡಿಯುತ್ತವೆ.’

ಸರ್ಕಾರಿ ಕಚೇರಿಯಲ್ಲಿ ಕೂದಲು ಹಣ್ಣಾಗುವವರೆಗೆ ಕೂತ ನಾನು ಇಂಥ ಸಿಬ್ಬಂದಿಯನ್ನು ಕಂಡಿರಲಿಲ್ಲ. ನನ್ನೊಳಗೇ ಇತ್ತು ಎಂದರೆ ನಂಬಿಕೆ ಬರಲಿಲ್ಲ.

ಕಿಡ್ನಿ ಕೆಡಿಸುವುದರಲ್ಲಿ ಸಕ್ಕರೆಗೆ ಮೊದಲ ಸ್ಥಾನ, ಬಿಪಿಗೆ ಎರಡನೆಯದು. ಕೆಟ್ಟ ಕಿಡ್ನಿ ತಿರುಗಿ ಬಿಪಿಯನ್ನೇ ಏರಿಸುತ್ತದೆ. ಒಳಗೆ ಹೀಗೆ ಎಲ್ಲರಿಗೂ ಎಲ್ಲರ ಸಂಬಂಧವಿದ್ದರೂ ಹೊರಗೆ ನನ್ನ ಡಾಕ್ಟರುಗಳು ನಾಲ್ವರು, ಫೈಲುಗಳು ನಾಲ್ಕು, ಪಥ್ಯದ ಚೀಟಿಗಳೂ ನಾಲ್ಕು. ಸಕ್ಕರೆಯ ಡಾಕ್ಟರು ‘ಅನ್ನ ಬಿಡಿ, ಸೊಪ್ಪು, ಕಾಳು, ರಾಗಿ ಹಿಡಿಯಿರಿ’ ಎಂದರು. ಕಿಡ್ನಿಯವರು ‘ಸೊಪ್ಪಿನಲ್ಲಿ ಪೊಟ್ಯಾಸಿಯಂ, ಕಾಳಿನಲ್ಲಿ ಪ್ರೋಟೀನು, ರಾಗಿಯಲ್ಲಿ ಫಾಸ್ಫರಸ್ಸು, ಎಲ್ಲವೂ ಅಳತೆಯಲ್ಲಿರಲಿ’ ಎಂದರು. ಮೂಳೆಯವರು ‘ಯೂರಿಕ್ ಆಸಿಡ್ ಹೋಗಬೇಕಾದರೆ ನೀರು ಚೆನ್ನಾಗಿ ಕುಡಿಯಿರಿ’ ಎಂದರು. ಹೃದಯದವರು ನನ್ನ ಊದಿದ ಪಾದ ಒತ್ತಿ ನೋಡಿ, ಬಿದ್ದ ಗುಳಿ ತುಂಬುವವರೆಗೆ ಕಾದು, ‘ನೀರು ಅಳೆದು ಕುಡಿಯಿರಿ’ ಎಂದರು. ನಮ್ಮವಳು ನಾಲ್ಕೂ ಚೀಟಿಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಯಾರೂ ಬೇಡವೆನ್ನದ್ದನ್ನು ಹುಡುಕಿ ಗುರುತು ಹಾಕುತ್ತ ಬಂದಳು. ಕೊನೆಗೆ ಉಳಿದದ್ದು ಸೋರೆಕಾಯಿ ಮತ್ತು ಸೇಬು.

ಪೊಟ್ಯಾಸಿಯಂ ಇಳಿಸುವ ಉಪಾಯವನ್ನೂ ಡಯಟೀಷಿಯನ್ ಹೇಳಿಕೊಟ್ಟರು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ಚೆಲ್ಲಬೇಕು! ಸೊಪ್ಪು ಕಾಳು ಬೇಯಿಸಿ, ಬಸಿದ ಆ ನೀರಿಗೇ ಖಾರ ಅರೆದು ಹಾಕಿ ಬಸ್ಸಾರು ಮಾಡಿ, ಮುದ್ದೆ ಮುಳುಗಿಸಿ ಉಂಡ ಜನ ನಾವು. ನಮ್ಮ ಅಜ್ಜಿ ಬದುಕಿದ್ದರೆ ಆ ಡಯಟೀಷಿಯನ್ನರನ್ನು ಅಡುಗೆಮನೆಯ ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ. ‘ಹೋಗಲಿ, ಎಳನೀರು?’ ಎಂದು ಕೇಳಿದೆ. ಕಾಯಿಲೆ ಬಿದ್ದವರನ್ನು ನೋಡಲು ಹೋಗುವಾಗ ನಾವು ಒಯ್ಯುವುದೇ ಎಳನೀರು, ಬಾಳೆಹಣ್ಣು, ಮೂಸಂಬಿ. ಅವರು ಮೂರನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕಿದರು.

ಮೊದಲ ಸಾಹಸ ನಡೆದದ್ದು ಉಪ್ಪಿನಲ್ಲಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಒಂದು ಟೀ ಚಮಚವೂ ತುಂಬದು. ಉಪ್ಪಿನಕಾಯಿಯ ರಸ ನೆಕ್ಕುವುದರಲ್ಲೇ ಅಷ್ಟು ಖರ್ಚಾಗುವವನು ನಾನು. ಆಗ ಅಂಗಡಿಯ ಮೇಲಿನ ಅರೆಯಲ್ಲಿ, ದೇವರ ಪಟದ ಪಕ್ಕ, ‘ಲೋ ಸೋಡಿಯಂ ಉಪ್ಪು’ ದರ್ಶನ ಕೊಟ್ಟಿತು. ಬೆಲೆ ಹೆಚ್ಚು, ಪೊಟ್ಟಣದ ಮೇಲೆ ಹೃದಯದ ಚಿತ್ರ ಬೇರೆ. ತಂದೆ. ರುಚಿ ತುಸು ಮಂಕಾಗಿದ್ದುದರಿಂದ ಒಂದು ಚಿಟಿಕೆಗೆ ಎರಡು ಹಾಕಿಸಿದೆ. ಬಿಪಿ ಇಳಿಯಿತು. ಇಳಿದ ಬಿಪಿಯ ಲೆಕ್ಕವನ್ನು ಕೆರೆ ಏರಿಯ ಮೇಲೆ ಕೇಳದವರಿಗೂ ಹೇಳಿದೆ.

ಮುಂದಿನ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.9. ಐದರ ಆಸುಪಾಸಿನಲ್ಲಿ ನಿಲ್ಲಬೇಕಾದ್ದು. ಕಿಡ್ನಿ ಡಾಕ್ಟರು ನನ್ನನ್ನು ಮಂಚದ ಮೇಲೆ ಮಲಗಿಸಿ ಇಸಿಜಿ ತೆಗೆಸಿ ವಿಚಾರಣೆ ಶುರುಮಾಡಿದರು. ‘ಎಳನೀರು?’ ಇಲ್ಲ. ‘ಬಾಳೆಹಣ್ಣು?’ ಮುಟ್ಟಿಲ್ಲ. ‘ಟೊಮೇಟೊ ಗೊಜ್ಜು?’ ಕನಸಿನಲ್ಲಿ ಮಾತ್ರ. ಕಟಕಟೆಯಲ್ಲಿ ನಾನು ನಿರ್ದೋಷಿಯಾಗಿ ಮಿಂಚುತ್ತಿದ್ದಾಗ ನಮ್ಮವಳು ಚೀಲದಿಂದ ಆ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಸೋಡಿಯಂ ತೆಗೆದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ ಎಂದು ನಾನು ತಿಳಿದಿದ್ದೆ. ಖಾಲಿ ಬಿಡುವುದಿಲ್ಲವಂತೆ, ಪೊಟ್ಯಾಸಿಯಂ ಕ್ಲೋರೈಡ್ ತುಂಬುತ್ತಾರಂತೆ. ಗಟ್ಟಿ ಕಿಡ್ನಿಯವರಿಗೆ ಅದು ಒಳ್ಳೆಯದೇ. ನನ್ನ ಕಿಡ್ನಿಗೆ ಅದನ್ನು ಹೊರಹಾಕುವ ತ್ರಾಣವಿಲ್ಲ. ಸಾಲದ್ದಕ್ಕೆ ಬಿಪಿಗೂ ಕಿಡ್ನಿಗೂ ಒಳ್ಳೆಯದೆಂದು ಕೊಟ್ಟ ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಸಿಯಮ್ಮನ್ನು ಒಳಗೇ ಹಿಡಿದಿಡುವ ಜಾತಿ. ಪೊಟ್ಯಾಸಿಯಂ ಅತಿಯಾದರೆ ಹೃದಯದ ತಾಳವೇ ತಪ್ಪುತ್ತದೆ ಎಂದರು. ಪೊಟ್ಟಣದ ಮೇಲೆ ಹೃದಯದ ಚಿತ್ರ ಏಕಿತ್ತೆಂದು ಆಗ ನನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡೆ.

ಎರಡನೆಯದು ಸಕ್ಕರೆಯ ವಿಜಯೋತ್ಸವ. ಎಷ್ಟೋ ವರ್ಷ ಯಾರ ಮಾತೂ ಕೇಳದಿದ್ದ ನನ್ನ ಸಕ್ಕರೆ ಇದ್ದಕ್ಕಿದ್ದಂತೆ ತಾನಾಗಿ ಇಳಿಯತೊಡಗಿತು. ನನ್ನ ನಡಿಗೆಯ ಫಲ ಎಂದೆ. ಮೆಂತ್ಯದ ನೀರಿನ ಫಲ ಎಂದಳು ನಮ್ಮವಳು. ಯಾರಿಗೆ ಕೀರ್ತಿ ಎಂಬ ಜಗಳ ಇನ್ನೂ ಇತ್ಯರ್ಥವಾಗದಿರುವಾಗ ಒಂದು ರಾತ್ರಿ ಮೈಯೆಲ್ಲ ಬೆವರಿ, ಕೈ ನಡುಗಿ, ಗೋಡೆ ಗಡಿಯಾರವನ್ನು ನಮ್ಮ ಮಾವನವರೆಂದು ತಿಳಿದು ‘ಬನ್ನಿ, ಕೂತ್ಕೊಳ್ಳಿ’ ಎಂದೆನಂತೆ. ಚುಚ್ಚಿ ನೋಡಿದರೆ ಸಕ್ಕರೆ 52.

ಕೀರ್ತಿ ನಮ್ಮಿಬ್ಬರಿಗೂ ಸೇರಿದ್ದಲ್ಲ ಎಂದು ಡಾಕ್ಟರಿಂದ ಗೊತ್ತಾಯಿತು. ಇನ್ಸುಲಿನ್ನನ್ನು ಮೈಯಿಂದ ತೆರವು ಮಾಡುವುದರಲ್ಲಿ ಕಿಡ್ನಿಗೂ ಪಾಲಿದೆ. ಕಿಡ್ನಿ ಸೋತಷ್ಟೂ ಹಳೆಯ ಡೋಸು ಹೆಚ್ಚು ಹೊತ್ತು ಒಳಗಿದ್ದು ಸಕ್ಕರೆಯನ್ನು ಕೆಡವುತ್ತದೆ. ನಾವು ಮೆರವಣಿಗೆ ಹೊರಡಿಸಿದ್ದು ಕಿಡ್ನಿಯ ಸೋಲಿಗೆ! ಡೋಸು ಇಳಿಸಿ ಅವರು ಹೇಳಿದರು: ‘ಮತ್ತೆ ಹೀಗಾದರೆ ಕಿತ್ತಳೆ ರಸ ಬೇಡ, ಅದರಲ್ಲಿ ಪೊಟ್ಯಾಸಿಯಂ. ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.’ ಕೇಸರೀಬಾತಿನ ದ್ರಾಕ್ಷಿಯನ್ನೂ ಎಣಿಸಿ ಕೊಡುತ್ತಿದ್ದ ನಮ್ಮವಳ ಎದುರಿಗೇ ಸಕ್ಕರೆಯ ಡಾಕ್ಟರು ತಮ್ಮ ಬಾಯಾರೆ ಸಕ್ಕರೆ ತಿನ್ನಿ ಎಂದ ಆ ಗಳಿಗೆ ನನ್ನ ರೋಗಜೀವನದ ಶಿಖರ. ಅಂದಿನಿಂದ ದೋಸೆ ಹೋಟೆಲಿನ ಮುಂದೆ ಹೋಗುವಾಗೆಲ್ಲ ನನ್ನ ಕೈ ಕೊಂಚ ನಡುಗುತ್ತದೆ. ಅವಳು ನಂಬುವುದಿಲ್ಲ, ಗ್ಲುಕೋಮೀಟರನ್ನು ಚೀಲದಲ್ಲೇ ಇಟ್ಟುಕೊಂಡಿರುತ್ತಾಳೆ.

ಮೂರನೆಯ ಪ್ರಸಂಗ ಬಂಧುಬಳಗದಲ್ಲಿ ನನ್ನನ್ನು ಅಮರನನ್ನಾಗಿಸಿದೆ. ಪ್ರೋಟೀನು ಎಷ್ಟು ಸೋರುತ್ತಿದೆ ನೋಡಲು ಇಪ್ಪತ್ತನಾಲ್ಕು ಗಂಟೆಯ ಮೂತ್ರ ಕೂಡಿಡಬೇಕೆಂದು ಒಬ್ಬರು ಚೀಟಿ ಬರೆದರು. ಲ್ಯಾಬಿನವರು 5 ಲೀಟರಿನ ಕ್ಯಾನು ಕೊಟ್ಟು ನಿಯಮ ಹೇಳಿದರು: ಬೆಳಗಿನ ಮೊದಲನೆಯದನ್ನು ಬಿಡಬೇಕು, ಆಮೇಲಿನ ಒಂದು ಹನಿಯೂ ತಪ್ಪಬಾರದು, ಮರುದಿನ ಬೆಳಗಿನ ಮೊದಲನೆಯದನ್ನು ಸೇರಿಸಿ ಮುಗಿಸಬೇಕು. ಅದೇ ದಿನ ಷಡ್ಡಕನ ಗೃಹಪ್ರವೇಶ. ಒಂದು ಹನಿಯೂ ತಪ್ಪಬಾರದು ಎಂದಮೇಲೆ ಕ್ಯಾನೂ ಗೃಹಪ್ರವೇಶಕ್ಕೆ ಬರಲೇಬೇಕಲ್ಲ? ಬಟ್ಟೆ ಚೀಲದಲ್ಲಿಟ್ಟು ಹೊರಟೆ. ತಂಪಾಗಿಡಬೇಕೆಂದಿದ್ದರಿಂದ ಹೊಸಮನೆಯ ಹಿತ್ತಲಿನ ತೊಟ್ಟಿಯ ಪಕ್ಕ, ನೆರಳಿನಲ್ಲಿ, ಹೂವಿನ ಬುಟ್ಟಿ ಮತ್ತು ಹಾಲಿನ ಕ್ಯಾನುಗಳ ಸಾಲಿನಲ್ಲಿ ಇಟ್ಟೆ.

ಪಂಕ್ತಿಯಲ್ಲಿ ಕೂತು ಉಪ್ಪಿಲ್ಲದ ಕೋಸಂಬರಿಗೆ ಬೇಡಿಕೆ ಸಲ್ಲಿಸುತ್ತಿದ್ದಾಗ ಪುರೋಹಿತರ ಸಹಾಯಕ ಹುಡುಗ ಒಳಗಿನಿಂದ ಕೂಗಿದ: ‘ಪುಣ್ಯಾಹಕ್ಕೆ ಗೋಮೂತ್ರ ಬಂತಾ?’ ಷಡ್ಡಕನ ಧ್ವನಿ ಅಷ್ಟೇ ಉತ್ಸಾಹದಿಂದ ಬಂತು: ‘ಹಿತ್ತಲಲ್ಲಿ ಒಂದು ಕ್ಯಾನು ಪೂರ್ತಿ ಇದೆ ನೋಡಪ್ಪ, ಯಾರೋ ಪುಣ್ಯಾತ್ಮರು ತಂದಿಟ್ಟಿದ್ದಾರೆ.’

ಎಲೆ ದಾಟಿ, ಬಡಿಸುವವರನ್ನು ದಾಟಿ, ಆ ನೋವಿನ ಹೆಬ್ಬೆರಳಿನ ಮೇಲೆ ನಾನು ಓಡಿದ ಓಟವನ್ನು ಜನ ಈಗಲೂ ನೆನೆಯುತ್ತಾರೆ. ಹುಡುಗನ ಕೈ ಮುಚ್ಚಳದ ಮೇಲಿತ್ತು. ‘ಇದು ನನ್ನದು!’ ಎಂದು ಕಿರುಚಿದೆ. ‘ನಿಮ್ಮದೇ ಇರಲಿ ಸ್ವಾಮಿ, ಸ್ವಲ್ಪ ಸಾಕು’ ಎಂದ ಅವನು.

ರಿಪೋರ್ಟು ಹಿಡಿದು ಹೋದಾಗ ಕಿಡ್ನಿ ಡಾಕ್ಟರು ಕಥೆ ಕೇಳಿ ಮೊದಲ ಬಾರಿಗೆ ನಕ್ಕರು. ‘ಈಗ ಬಹಳ ಮಂದಿಗೆ ಇಷ್ಟೆಲ್ಲ ಬೇಕಾಗುವುದಿಲ್ಲ. ಒಂದು ಸಣ್ಣ ಡಬ್ಬಿಯಲ್ಲಿ ಒಂದು ಸಲದ್ದು ಕೊಟ್ಟರೆ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ ಗೊತ್ತಾಗುತ್ತದೆ. 30ರ ಒಳಗಿದ್ದರೆ ಸರಿ, 300 ದಾಟಿದರೆ ಜೋರು ಸೋರಿಕೆ.’ ಲಂಡನ್ನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯರು ಈ ಕಾಯಿಲೆಯನ್ನು ವಿವರಿಸಿದ್ದು 1827ರಲ್ಲಂತೆ. ಅವರು ಮೂತ್ರವನ್ನು ಒಂದು ಚಮಚದಲ್ಲಿ ಹಿಡಿದು ಮೊಂಬತ್ತಿಯ ಮೇಲೆ ಕಾಯಿಸಿ, ಗಡ್ಡೆ ಕಟ್ಟುತ್ತದೆಯೇ ನೋಡುತ್ತಿದ್ದರಂತೆ. ಬ್ರೈಟರಿಗೆ ಸಾಕಾದದ್ದು ಒಂದು ಚಮಚ, ನಾನು ಹೊತ್ತದ್ದು ಒಂದು ಕ್ಯಾನು.

ಓಟದ ಬಿಲ್ಲು ಹೆಬ್ಬೆರಳಿಗೆ ಬಂತು. ರಾತ್ರಿ ಹೊದಿಕೆ ತಾಕಿದರೂ ಪ್ರಾಣ ಹೋಗುವಂಥ ಉರಿ. ಮೂಲೆಯ ಮೆಡಿಕಲ್ ಸ್ಟೋರಿನಲ್ಲಿ ‘ನೋವಿಗೆ ಸ್ಟ್ರಾಂಗಾದ್ದು ಕೊಡಪ್ಪ’ ಎಂದೆ. ಕೊಟ್ಟ. ಡೈಕ್ಲೊಫೆನಾಕ್. ನೋವು ಮಾಯ. ಜೊತೆಗೆ ಕ್ರಿಯಾಟಿನಿನ್ 1.8ರಿಂದ 2.3ಕ್ಕೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಬಿಪಿಯ ಮಾತ್ರೆ, ನೀರಿಳಿಸುವ ಮಾತ್ರೆ, ಅದರ ಮೇಲೆ ಇದು, ಮೂರೂ ಸೇರಿದರೆ ಕಿಡ್ನಿಗೆ ತ್ರಿಶೂಲ ತಿವಿದಂತೆಯೇ. ನಿಲ್ಲಿಸಿದ ಮೇಲೆ ಪುಣ್ಯಕ್ಕೆ ಇಳಿಯಿತು.

ಇಷ್ಟೆಲ್ಲ ಆದಮೇಲೆ ಹಿತೈಷಿಗಳು ಸುಮ್ಮನಿರುತ್ತಾರೆಯೇ? ಒಬ್ಬರು ಬಾಳೆದಿಂಡಿನ ರಸ ಎಂದರು. ಕಲ್ಲಿನ ಕಾಯಿಲೆಗೆ ಹೇಳುವ ಮದ್ದು ಅದು, ನನಗಿರುವುದು ಕಲ್ಲಲ್ಲ, ಅದರಲ್ಲೂ ಪೊಟ್ಯಾಸಿಯಂ ಎಂದರೆ ‘ಕಿಡ್ನಿ ಕಿಡ್ನಿಯೇ ಅಲ್ಲವೇ?’ ಎಂದರು. ಪುತ್ತೂರಿನ ಕಡೆಯ ಸ್ನೇಹಿತರು ತಮ್ಮ ತೋಟದ ದಾರೆಹುಳಿಯ ಉಪ್ಪಿನಕಾಯಿ ಕಳಿಸಿದರು. ಅಡ್ಡ ಕೊಯ್ದರೆ ನಕ್ಷತ್ರ ಕಾಣುವ ಹುಳಿ ಹಣ್ಣು. ನಾಲ್ಕೂ ಚೀಟಿಗಳಲ್ಲಿ ಅದರ ಹೆಸರಿರಲಿಲ್ಲ, ಆದ್ದರಿಂದ ಒಂದು ಹೋಳು ಬಾಯಿಗಿಟ್ಟೆ. ಬಿಕ್ಕಳಿಕೆ ಶುರುವಾಯಿತು. ‘ಯಾರೋ ನಿಮ್ಮನ್ನ ನೆನೆಸ್ಕೋತಿದ್ದಾರೆ’ ಎಂದಳು ನಮ್ಮವಳು. ಮಗಳು ಫೋನಿನಲ್ಲಿ ಹುಡುಕಿ ಮುಖ ಬಿಳಿಚಿಕೊಂಡಳು. ಆ ಹಣ್ಣಿನಲ್ಲಿ ಕ್ಯಾರಂಬಾಕ್ಸಿನ್ ಎಂಬ ವಿಷವಿದೆಯೆಂದು ಬ್ರೆಜಿಲ್ಲಿನವರು 2013ರಲ್ಲಿ ಪತ್ತೆಮಾಡಿದ್ದಾರೆ. ಆರೋಗ್ಯವಂತರ ಕಿಡ್ನಿ ಅದನ್ನು ಹೊರಗಟ್ಟುತ್ತದೆ. ಕಿಡ್ನಿ ಸೋತವರಲ್ಲಿ ಅದು ಮಿದುಳಿಗೇರುತ್ತದೆ, ಮೊದಲ ಲಕ್ಷಣವೇ ನಿಲ್ಲದ ಬಿಕ್ಕಳಿಕೆ. ನೆನೆಸಿಕೊಂಡದ್ದು ಯಾರೆಂದು ನನಗೆ ಆಗ ಹೊಳೆಯಿತು. ಅವರ ವಾಹನ ಕೋಣ. ನನ್ನ ಬಿಕ್ಕಳಿಕೆಗೆ ಹಣ್ಣಿಗಿಂತ ಉಪ್ಪಿನಕಾಯಿಯ ಖಾರವೇ ಕಾರಣವಿರಬಹುದು. ಸ್ವಲ್ಪ ಹೊತ್ತಿಗೆ ನಿಂತಿತು. ಬಾಟಲಿ ಮಾತ್ರ ಅಂದೇ ಮನೆ ಬಿಟ್ಟಿತು.

ಆ ಸಂಜೆ ನಮ್ಮವಳು ಫ್ರಿಜ್ಜಿನ ಚೀಟಿಗಳನ್ನೆಲ್ಲ ಕಿತ್ತು, ನಾಲ್ಕೂ ಫೈಲು ಹರಡಿ, ಒಂದೇ ಹಾಳೆಯಲ್ಲಿ ನನ್ನನ್ನು ಬರೆಯಲು ಕೂತಳು. ಯಾವ ಮಾತ್ರೆ, ಯಾರು ಕೊಟ್ಟದ್ದು, ಯಾವುದಕ್ಕೆ, ಒಳಗಿನ ಔಷಧದ ಹೆಸರೇನು, ಕಳೆದ ಪರೀಕ್ಷೆಯಲ್ಲಿ ಯಾವುದೆಷ್ಟು, ಯಾವುದನ್ನು ಮುಟ್ಟಬಾರದು. ಬರೆಯುತ್ತ ಬರೆಯುತ್ತ ಅವಳ ಪೆನ್ನು ನಿಂತಿತು. ಸಕ್ಕರೆಯವರು ಬರೆದ ಹಳದಿ ಮಾತ್ರೆ, ಹೃದಯದವರು ಹೊಸದಾಗಿ ಬರೆದುಕೊಟ್ಟ ಹಸಿರು ಪೊಟ್ಟಣದ ಮಾತ್ರೆ, ಎರಡರೊಳಗೂ ಡಾಪಾಗ್ಲಿಫ್ಲೋಜಿನ್. ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಸಿಕ್ಕ ವಸ್ತುವೊಂದರಿಂದ ಹುಟ್ಟಿದ ವಂಶವಂತೆ. ಸಕ್ಕರೆ, ಹೃದಯ, ಕಿಡ್ನಿ, ಮೂವರಿಗೂ ಒಪ್ಪಿಗೆಯಾದ ಅಪರೂಪದ ಔಷಧ. ಒಪ್ಪಿಗೆಯಾದದ್ದಕ್ಕೇ ಇಬ್ಬರು ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಬರೆದಿದ್ದರು. ಡಾಕ್ಟರುಗಳು ಒಬ್ಬರ ಮಾತು ಒಬ್ಬರು ಒಪ್ಪದಿದ್ದಾಗ ನಾನು ಉಪವಾಸವಿದ್ದೆ, ಒಪ್ಪಿದಾಗ ಎರಡೆರಡು ನುಂಗುವುದರಲ್ಲಿದ್ದೆ.

ಮರುವಾರ ಆ ಹಾಳೆಯನ್ನು ಕಿಡ್ನಿ ಡಾಕ್ಟರ ಮುಂದಿಟ್ಟೆ. ನನ್ನ ಮುಖ ನೋಡದೆ, ನಾಡಿ ಹಿಡಿಯದೆ, ಅವರು ಅದನ್ನೇ ಮೇಲಿನಿಂದ ಕೆಳಗೆ ಓದಿದರು. ಒಂದು ಮಾತ್ರೆ ಹೊಡೆದರು, ಒಂದನ್ನು ಅರ್ಧ ಮಾಡಿದರು, ಮೂಳೆಯವರಿಗೂ ಹೃದಯದವರಿಗೂ ಅದರ ಕೆಳಗೇ ಎರಡೆರಡು ಸಾಲು ಬರೆದರು. ನೀರಿನ ಲೆಕ್ಕವನ್ನೂ ಇಬ್ಬರಿಗೂ ಒಪ್ಪುವಂತೆ ಒಂದೂವರೆ ಲೀಟರಿಗೆ ಇತ್ಯರ್ಥ ಮಾಡಿದರು.

‘ಇದನ್ನು ಬರೆದವರು ಯಾರು?’

‘ನಮ್ಮನೆಯವಳು.’

‘ಮುಂದಿನ ಸಲ ಅವರನ್ನೇ ಕಳಿಸಿ. ನಿಮ್ಮ ಕಡೆಯಿಂದ ರಕ್ತ ಕಳಿಸಿದರೆ ಸಾಕು.’