ಮೇಣ ನುಂಗಿದ ಮಗರಾಯ

ಸಿಂಗಪುರದಲ್ಲಿ ಚೂಯಿಂಗ್ ಗಮ್ ಮಾರುವಂತಿಲ್ಲ, ಹೊರಗಿನಿಂದ ತರುವಂತೆಯೂ ಇಲ್ಲ. ಎಂಆರ್‌ಟಿ ರೈಲಿನ ಬಾಗಿಲಿಗೆ ಯಾರೋ ಪುಂಡರು ಗಮ್ ಅಂಟಿಸಿ, ಬಾಗಿಲು ಮುಚ್ಚದೆ ಗಾಡಿ ನಿಂತು, ರೋಸಿಹೋದ ಸರ್ಕಾರ 1992ರಲ್ಲಿ ಅದಕ್ಕೊಂದು ಗತಿ ಕಾಣಿಸಿತು. 2004ರಿಂದ ಸಿಗರೇಟು ಬಿಡಿಸುವಂಥ ಔಷಧದ ಗಮ್ಮಿಗೆ ಮಾತ್ರ ರಿಯಾಯಿತಿ. ಇಂಥ ಊರಿನ ಮಗು ಗಮ್ ನುಂಗಬೇಕೆಂದರೆ ಪ್ರತಿಭೆ ಬೇಕು. ನಮ್ಮ ಐದು ವರ್ಷದ ಕುಲಪುತ್ರನಿಗೆ ಅದು ಧಾರಾಳವಾಗಿದೆ.

ಗಡಿಯಾಚೆ ಮಲೇಷ್ಯಾದ ಜೋಹೋರ್ ಬಾರುವಿನಿಂದ ವಾಪಸು ಬರುವಾಗ ಕಾಸ್‌ವೇ ಮೇಲೆ ಎಂದಿನಂತೆ ಕಾರುಗಳ ಸಾಲು. ಹಿಂದಿನ ಸೀಟಿನಲ್ಲಿ ಪಚಪಚ ಸದ್ದು.

"ಏನೋ ಅದು ಬಾಯಲ್ಲಿ?" ಇವರು ಕನ್ನಡಿಯಲ್ಲೇ ಗದರಿದರು.

"ಗಮ್ಮು. ಆ ಮನೆ ಅಣ್ಣ ಕೊಟ್ಟ."

"ಅಯ್ಯೋ, ಚೆಕ್‌ಪಾಯಿಂಟ್ ಬಂತು! ಉಗುಳೋ, ಉಗುಳು!"

ಎಲ್ಲೆಂದರಲ್ಲಿ ಉಗುಳಬಾರದೆಂದು ಶಾಲೆಯಲ್ಲಿ ಕಲಿತ ಹುಡುಗ ಗುಳುಂ ಎನಿಸಿದ. ಸಾಕ್ಷ್ಯನಾಶ.

ಇವರೇನೋ ನಿಟ್ಟುಸಿರು ಬಿಟ್ಟರು. ಪಕ್ಕದಲ್ಲಿದ್ದ ಅತ್ತೆ ಬಿಡಬೇಕಲ್ಲ!

"ಎಂತದೇ ಅದು ನುಂಗಿದ್ದು?"

"ಅಂಟು ಅತ್ತೆ. ಹಲಸಿನ ಮೇಣ ಇರುತ್ತಲ್ಲ, ಹಂಗೆ."

ಸಾಗರದವರಿಗೆ ಮೇಣ ಹೊಸದೇ? ಹಲಸಿನಹಣ್ಣು ಕೊಯ್ಯುವ ಮುಂಚೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡೇ ಬಾಳಿದ ಜೀವ ಅದು. "ಹಂಗಾರೆ ಕರುಳಿಗೂ ಎಣ್ಣೆ ಬಿಡಬೇಕು" ಎಂದು ತೀರ್ಪಾಯಿತು. ಮನೆ ಸೇರಿದ್ದೇ ತಡ, ಚಮಚದ ತುಂಬಾ ಕೊಬ್ಬರಿ ಎಣ್ಣೆ, ಮೇಲಿಂದ ಬಾಳೆಹಣ್ಣು. ಅಷ್ಟರಲ್ಲಿ ಇವರು, ಗಮ್ ಏಳು ವರ್ಷ ಹೊಟ್ಟೆಯಲ್ಲೇ ಇರುತ್ತಂತೆ ಎಂಬ ಪುರಾಣ ತೆಗೆದರು. ಮಗ ಬೆರಳು ಮಡಿಸಿ ಮಡಿಸಿ, "ಹಂಗಾದ್ರೆ ನನ್ನ ಹನ್ನೆರಡನೇ ಬರ್ತ್‌ಡೇಗೆ ಆಚೆ ಬರುತ್ತಾ?" ಎಂದ.

ಕ್ಲಿನಿಕ್ಕಿನ ಡಾಕ್ಟರು ನಗುತ್ತಲೇ ಬಿಲ್ಲು ಬರೆದರು. ಗಮ್ಮಿನ ಸಕ್ಕರೆ, ಬಣ್ಣ, ಘಮಲು ಎಲ್ಲ ಹೊಟ್ಟೆಯಲ್ಲಿ ಕರಗಿಹೋಗುತ್ತವೆ. ರಬ್ಬರಿನಂಥ ಅಂಟು ಮಾತ್ರ ಕರಗುವುದಿಲ್ಲ, ನಿಜ. ಹಾಗೆಂದು ಅದೇನು ಅಲ್ಲೇ ಸಂಸಾರ ಹೂಡುವುದಿಲ್ಲ; ಉಂಡ ಅನ್ನದ ಜೊತೆ ಕೆಲವೇ ದಿನಗಳಲ್ಲಿ ಹೊರಬೀಳುತ್ತದೆ. ಮೊದಲೇ ಮಲಬದ್ಧತೆಯಿದ್ದು, ದಿನವೂ ಗಮ್ ನುಂಗುವ ಚಾಳಿಯಿದ್ದ ಮಕ್ಕಳಲ್ಲಿ ಅದು ಉಂಡೆಗಟ್ಟಿ ದಾರಿ ಅಡ್ಡಗಟ್ಟಿದ್ದುಂಟು. ಎಲ್ಲೋ ಅಪರೂಪ. ನಮ್ಮವನಿಗೆ ಔಷಧವೂ ಬೇಡ, ಪಥ್ಯವೂ ಬೇಡ ಎಂದರು. ಔಷಧ ಬರೆಯದ ಡಾಕ್ಟರನ್ನು ಅತ್ತೆ ನಂಬುವುದು ಕಷ್ಟ. ಮುಂದಿನ ಎರಡು ದಿನ ಬಚ್ಚಲಮನೆ ಬಾಗಿಲಲ್ಲಿ ಅವರದೇ ಕಾವಲು.

ಸಮಾಧಾನವಾಗಲೆಂದು ನಾನು ಹೇಳಿದೆ: "ಹಿಂದೆಲ್ಲ ಈ ಗಮ್ ಮಾಡ್ತಿದ್ದದ್ದೇ ಸಪೋಟ ಮರದ ಹಾಲಿನಿಂದ ಅತ್ತೆ. ಮೆಕ್ಸಿಕೋ ಕಡೆ ಮರ ಗೀರಿ ಹಾಲು ಇಳಿಸ್ತಿದ್ರಂತೆ."

"ಸಪೋಟಾನಾ? ಬೀಜ ಗೀಜ ಹೋಗಿದ್ರೆ ಹೊಟ್ಟೇಲಿ ಗಿಡ ಹುಟ್ಟುತ್ತಲ್ಲೇ ಮಾರಾಯ್ತಿ!"

ಮಗ ಅಜ್ಜಿಯ ತೊಡೆಯೇರಿ ಕೂತ. "ಅಜ್ಜೀ, ಇಲ್ಲಿ ಉಗುಳಿದ್ರೆ ಫೈನ್ ಅಂತ ನೀನು ಕವಳ ನುಂಗ್ತೀಯಲ್ಲ, ನಿನ್ನ ಹೊಟ್ಟೇಲಿ ಅಡಿಕೆ ಮರ ಎಷ್ಟುದ್ದ ಆಗಿದೆ?"

ಅತ್ತೆಯ ಬಳಿ ಉತ್ತರ ಇತ್ತೇನೋ. ಬಾಯಲ್ಲಿ ಕವಳವೂ ಇತ್ತು.