ಸದರಿ ಉಪಕರಣವನ್ನು ಬಳಸುವ ಕ್ರಮ

ಅನ್ವಯ

ವರ್ನಿಯರ್, ಮೈಕ್ರೋಮೀಟರ್ ಎಂಬ ಅಳತೆಯ ಉಪಕರಣಗಳ ಈ ಕೈಪಿಡಿ ಗುಂಡ್ಲುಪೇಟೆಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಸೇರಿದವರಿಗೂ, ಚಾಮರಾಜನಗರದ ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಮೊದಲ ಸಂಬಳ ಎಣಿಸುವವರಿಗೂ, ರಸ್ತೆ ಬದಿಯ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡು ‘ಎಂಜಿನಿಯರಿಂಗ್ ವರ್ಕ್ಸ್’ ಎಂದು ಬೋರ್ಡು ಬರೆಸಿದವರಿಗೂ ಅನ್ವಯಿಸುತ್ತದೆ.

ಪೆಟ್ಟಿಗೆ ತೆರೆಯುವ ಮುನ್ನ ತಾವು ಹುಟ್ಟಿದಾಗಿನಿಂದ ಬಳಸುತ್ತ ಬಂದ ಅಳತೆಗಳನ್ನು ಗೇಟಿನ ಹೊರಗೆ ಬಿಟ್ಟು ಬರತಕ್ಕದ್ದು. ನಮ್ಮ ಸೀಮೆಯಲ್ಲಿ ಹೂವಿಗೆ ಮಾರು, ಹೊಲಕ್ಕೆ ಗುಂಟೆ. ತೆರಕಣಾಂಬಿ ಎಷ್ಟು ದೂರ ಎಂದು ಕೇಳಿದರೆ ‘ಇಲ್ಲೇ ಕನಪ್ಪ, ಹತ್ರ’. ಇವು ಯಾವುದಕ್ಕೂ ಯಾರೂ ಟಾಲರೆನ್ಸ್, ಅಂದರೆ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆಂದು, ಬರೆದಿಟ್ಟಿಲ್ಲ. ಹೂ ಮಾರುವಾಕೆಯ ತೋಳು ಉದ್ದವಿದ್ದರೆ ಅದು ಕೊಳ್ಳುವವರ ಪುಣ್ಯ.

ಪರಿಚಯ

ವರ್ನಿಯರ್ ಎಂಬ ಹೆಸರಿನ ಹಿಂದೆ ಪಿಯರ್ ವರ್ನಿಯರ್ ಎಂಬ ಫ್ರೆಂಚ್ ಗಣಿತಜ್ಞನಿದ್ದಾನೆ. ಅವನು ತನ್ನ ಜಾರುಪಟ್ಟಿಯನ್ನು ವಿವರಿಸಿದ್ದು 1631ರಲ್ಲಿ. ಮೈಕ್ರೋಮೀಟರಿಗೆ ಪ್ಯಾರಿಸ್ಸಿನ ಪಾಮರ್ ಪೇಟೆಂಟ್ ಪಡೆದದ್ದು 1848ರಲ್ಲಿ. ಅದರೊಳಗಿನ ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಮುಂದೆ ಹೋಗುತ್ತದೆ, ತಿರುಗುವ ಥಿಂಬಲಿನ ಮೇಲೆ 50 ಗೆರೆ. ಹಾಗಾಗಿ ಒಂದು ಗೆರೆಗೆ 0.01 ಮಿಲಿಮೀಟರ್. ಓದುವುದು ಇಷ್ಟೇ. ಆದರೂ ಸ್ಲೀವಿನ ಮೇಲಿನ ಅರ್ಧ ಮಿಲಿಮೀಟರಿನ ಗೆರೆ ಕಂಡೂ ಕಾಣದಂತೆ ಥಿಂಬಲಿನ ಅಂಚಿನಲ್ಲಿ ಅಡಗಿರುತ್ತದೆ. ಅದನ್ನು ನುಂಗಿ ಓದಿದವರು 12.88ನ್ನು 12.38 ಎಂದು ಬರೆದು, ಸಹಿ ಹಾಕಿ, ಊಟಕ್ಕೆ ಹೋಗಿರುತ್ತಾರೆ.

ಹಿಡಿಯುವುದು, ಬಿಗಿಯುವುದು

ಡ್ರಾಯಿಂಗಿನಲ್ಲಿ 20.00 ಇದೆ. ಜಾಬ್, ಅಂದರೆ ಮಷಿನ್ನಿನಲ್ಲಿ ಕಡೆದ ತುಂಡು, 20.03 ತೋರಿಸುತ್ತಿದೆ. ಈಗ ಬಳಕೆದಾರರ ಮುಂದೆ ಎರಡು ದಾರಿ: ಜಾಬನ್ನು ಮತ್ತೆ ಮಷಿನ್ನಿಗೆ ಕಟ್ಟುವುದು, ಇಲ್ಲವೇ ಮೈಕ್ರೋಮೀಟರನ್ನು ಇನ್ನಷ್ಟು ಬಿಗಿಯುವುದು. ಎರಡನೆಯದು ಜನಪ್ರಿಯ. ಬಿಗಿದರೆ ಫ್ರೇಮ್ ಬಾಗಿ 20.02 ಆಗುತ್ತದೆ, ಉಸಿರು ಹಿಡಿದು ಬಿಗಿದರೆ 20.01. ಬೇಕಾದ ಉತ್ತರ ಬರುವವರೆಗೆ ಸಾಕ್ಷಿಯ ಕತ್ತು ಹಿಸುಕುವ ಈ ಪದ್ಧತಿಯನ್ನು ತಡೆಯಲೆಂದೇ ಹಿಡಿಕೆಯ ತುದಿಯಲ್ಲಿ ರ್‍ಯಾಚೆಟ್ ಇಟ್ಟಿದ್ದಾರೆ. ಅದು ಎರಡು ಮೂರು ಸಲ ಟಿಕ್ ಎಂದ ಕೂಡಲೇ ಕೈ ತೆಗೆಯತಕ್ಕದ್ದು. ರ್‍ಯಾಚೆಟ್ ಬಿಟ್ಟು ಥಿಂಬಲನ್ನೇ ತಿರುಗಿಸುವವರು ‘ನಮಗೆ ಕೈ ಅಂದಾಜು ಇದೆ ಬುಡಿ’ ಎನ್ನುತ್ತಾರೆ. ಕೆಲವು ಹಿರಿಯರಿಗೆ ಅದು ನಿಜವಾಗಿಯೂ ಇರುತ್ತದೆ. ನಿಮಗಿಲ್ಲ.

ವರ್ನಿಯರಿನಲ್ಲಿ ಅಳೆಯುವಾಗ ಜಾಬ್ ದವಡೆಯ ತುದಿಯಲ್ಲಿ ಇರದೆ ಬುಡದ ಹತ್ತಿರ ಇರಬೇಕು. ಅಳೆಯುವ ವಸ್ತುವೂ ಅಳತೆಪಟ್ಟಿಯೂ ಒಂದೇ ಸಾಲಿನಲ್ಲಿರಬೇಕೆಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆ ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿದ. ಮೈಕ್ರೋಮೀಟರ್ ಅವನ ಮಾತು ಕೇಳಿತು, ವರ್ನಿಯರ್ ಕೇಳಲಿಲ್ಲ. ತುದಿಯಲ್ಲಿ ಹಿಡಿದು ಒತ್ತಿದರೆ ದವಡೆ ಓರೆಯಾಗಿ ಸುಳ್ಳು ಹೇಳುತ್ತದೆ.

ಬಿಸಿಲು

ಉದ್ದದ ಅಳತೆಗೆಲ್ಲ 20 ಡಿಗ್ರಿ ಸೆಲ್ಸಿಯಸ್ ಆಧಾರವೆಂದು ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡದ್ದು 1931ರಲ್ಲಿ. ಚಾಮರಾಜನಗರದ ಏಪ್ರಿಲನ್ನು ಯಾರೂ ಕೇಳಿರಲಿಲ್ಲ. ಗಾಬರಿ ಬೇಡ: ಉಪಕರಣವೂ ಉಕ್ಕು, ಜಾಬೂ ಉಕ್ಕು, ಎರಡೂ ಒಂದೇ ಬಿಸಿಯಲ್ಲಿದ್ದರೆ ಒಟ್ಟಿಗೇ ಹಿಗ್ಗಿ ಲೆಕ್ಕ ಸರಿಹೋಗುತ್ತದೆ. ಅಪಾಯವಿರುವುದು ಲೇತಿನಿಂದ ಆಗಷ್ಟೇ ಇಳಿದ ಜಾಬಿನಲ್ಲಿ. ಉಕ್ಕು ಮೀಟರಿಗೆ, ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಜಾಬ್ ಸುತ್ತಲಿನ ಗಾಳಿಗಿಂತ 40 ಡಿಗ್ರಿ ಬಿಸಿಯಿದ್ದರೆ, 100 ಮಿಲಿಮೀಟರಿಗೆ 0.046 ಹೆಚ್ಚು ತೋರುತ್ತದೆ. ‘ಸರಿಯಾಗಿ ಬಂತು’ ಎಂದು ಚಕ್ಕಿನಿಂದ ಬಿಚ್ಚುತ್ತೀರಿ. ನೀವು ಟೀ ಕುಡಿದು ಬರುವಷ್ಟರಲ್ಲಿ ಅದು ತಣ್ಣಗಾಗಿ ರಿಜೆಕ್ಟ್ ಆಗಿರುತ್ತದೆ. ಆದ್ದರಿಂದ ಟೀ ಮೊದಲು, ಅಳತೆ ಆಮೇಲೆ. ಈ ಕೈಪಿಡಿಯಲ್ಲಿ ಎಲ್ಲರೂ ತಪ್ಪದೆ ಪಾಲಿಸುವ ಸೂಚನೆ ಇದೊಂದೇ.

ಸರ್ಫೇಸ್ ಪ್ಲೇಟ್

ಟೂಲ್ ರೂಮಿನ ನಡುವೆ ಸ್ಟ್ಯಾಂಡಿನ ಮೇಲೆ ಕೂತ ಕಪ್ಪು ಕಲ್ಲಿಗೆ ಮರ್ಯಾದೆ ಕೊಡತಕ್ಕದ್ದು. ಹೈಟ್ ಗೇಜ್, ಡಯಲ್, ಸ್ಲಿಪ್ ಗೇಜ್ ಎಲ್ಲವೂ ಎತ್ತರ ಅಳೆಯಲು ಶುರುಮಾಡುವುದು ಅದರ ಮೈಯಿಂದಲೇ. ಎರಡನೆಯ ಮಹಾಯುದ್ಧದವರೆಗೆ ಸರ್ಫೇಸ್ ಪ್ಲೇಟ್ ಎರಕದ ಕಬ್ಬಿಣದ್ದಾಗಿತ್ತು. ಯುದ್ಧದ ಕಾಲದಲ್ಲಿ ಅಮೆರಿಕದ ಒಹಾಯೊದಲ್ಲಿ ಕಲ್ಲನ್ನು ಹಚ್ಚಿ ನೋಡಿದರು, ಕಲ್ಲೇ ಗೆದ್ದಿತು. ತುಕ್ಕು ಹಿಡಿಯುವುದಿಲ್ಲ. ಉಕ್ಕಿನ ಅರ್ಧದಷ್ಟೇ ಹಿಗ್ಗುತ್ತದೆ. ಕಬ್ಬಿಣಕ್ಕೆ ಪೆಟ್ಟು ಬಿದ್ದರೆ ಗುಂಡಿಯ ಸುತ್ತ ಅಂಚು ಏಳುತ್ತದೆ, ಕೂತ ಜಾಬನ್ನೇ ಎತ್ತುತ್ತದೆ; ಕಲ್ಲಾದರೆ ಚಕ್ಕೆ ಹಾರಿ ಸುಮ್ಮನಾಗುತ್ತದೆ.

ಈಗ ಚಾಮರಾಜನಗರದವರು ಸ್ವಲ್ಪ ಎದೆಯುಬ್ಬಿಸಬಹುದು. ನಮ್ಮ ಕ್ವಾರಿಗಳ ಕರಿಕಲ್ಲು, ವ್ಯಾಪಾರದ ಬಾಯಲ್ಲಿ ಬ್ಲ್ಯಾಕ್ ಗ್ರಾನೈಟ್, ಭೂವಿಜ್ಞಾನಿಗಳ ಬಾಯಲ್ಲಿ ಡಾಲರೈಟ್, ಹೊರದೇಶದ ಸಮಾಧಿಗಳಿಗೂ ಹೋಗಿ ನಿಂತಿದೆ. ನಿಮ್ಮ ಮುಂದಿರುವ ಪ್ಲೇಟ್ ಯಾವ ಊರಿನದೆಂದು ಅದರ ಮೇಲೆ ಬರೆದಿಲ್ಲವಾದ್ದರಿಂದ ನಮ್ಮದೇ ಎಂದುಕೊಳ್ಳಲು ಅಡ್ಡಿಯಿಲ್ಲ. ಕಲ್ಲನ್ನು ಕೊಯ್ಯುವುದು ಮಷಿನ್. ಕೊನೆಯ ಮೈಕ್ರಾನುಗಳನ್ನು ಇಳಿಸುವುದು ಇವತ್ತಿಗೂ ಹೆಚ್ಚಾಗಿ ಕೈಯಿಂದ ಉಜ್ಜುವ ಕೆಲಸಗಾರ. ಸದರಿ ಕಲ್ಲಿನ ಮೇಲೆ ಟಿಫನ್ ಡಬ್ಬಿ, ಹೆಲ್ಮೆಟ್, ಸುತ್ತಿಗೆ ಇಡುವುದನ್ನು ನಿಷೇಧಿಸಲಾಗಿದೆ. ಆಯುಧಪೂಜೆಯ ದಿನ ಕುಂಬಳಕಾಯಿಯನ್ನು ಬೇರೆ ಕಡೆ ಒಡೆಯತಕ್ಕದ್ದು.

ಅಚ್ಚು

ಇಷ್ಟೆಲ್ಲ ಅಳೆಯುವುದು ಕೊನೆಗೆ ಅಚ್ಚಿಗಾಗಿ, ಅಂದರೆ ಮೋಲ್ಡಿಗಾಗಿ. ಆಲೆಮನೆ ನೋಡಿ ಬೆಳೆದವರಿಗೆ ಮೋಲ್ಡಿನ ಅರ್ಧ ಪಾಠ ಬಂದೇ ಇರುತ್ತದೆ. ಬೆಲ್ಲದ ಮರದಚ್ಚು ತಳದಲ್ಲಿ ಕಿರಿದು, ಬಾಯಲ್ಲಿ ಅಗಲ. ಹಾಗಿಲ್ಲದಿದ್ದರೆ ಬೆಲ್ಲ ಕಳಚುವುದಿಲ್ಲ. ಪ್ಲಾಸ್ಟಿಕ್ ಮೋಲ್ಡಿನಲ್ಲಿ ಅದೇ ಇಳಿಜಾರಿಗೆ ಡ್ರಾಫ್ಟ್ ಎಂದು ಹೆಸರು, ಸಾಮಾನ್ಯವಾಗಿ ಒಂದು ಡಿಗ್ರಿಯ ಆಸುಪಾಸು. ಉಳಿದರ್ಧ ಪಾಠ ಆಲೆಮನೆಯಲ್ಲಿ ಸಿಗುವುದಿಲ್ಲ. ಪಾಲಿಪ್ರೊಪಿಲೀನ್ ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ, ಆದ್ದರಿಂದ 100 ಮಿಲಿಮೀಟರಿನ ಮುಚ್ಚಳ ಬೇಕಿದ್ದರೆ ಕ್ಯಾವಿಟಿಯನ್ನು 101.5ಕ್ಕೆ ಕೊರೆಯಬೇಕು. ಅಂದರೆ ಬೇಕಾದ ಅಳತೆಗೆ ಸರಿಯಾಗಿ ಮಾಡಿದ ಮೋಲ್ಡ್ ತಪ್ಪು ಮೋಲ್ಡ್. ಎರಡು ಭಾಗಗಳ ನಡುವೆ ಕೆಲವೇ ಗೆರೆಗಳಷ್ಟು ಸಂದು ಉಳಿದರೂ ಕರಗಿದ ನೈಲಾನ್ ಅದನ್ನು ಹುಡುಕಿಕೊಂಡು ಹೋಗಿ ತೆಳು ಫ್ಲ್ಯಾಶ್ ಆಗಿ ಹೊರಬರುತ್ತದೆ. ನೀವು ಬಿಗಿದು ಓದಿದ ಆ 20.01 ಈಗ ಪ್ರತಿ ಶಾಟಿನಲ್ಲೂ ಎಲ್ಲರ ಕಣ್ಣಿಗೆ ಕಾಣುತ್ತದೆ.

ಖಾತರಿ

ಕೈಜಾರಿ ಬಿದ್ದ ಮೈಕ್ರೋಮೀಟರನ್ನು ಸ್ಲಿಪ್ ಗೇಜಿನಿಂದ ಪರೀಕ್ಷಿಸಿ, ರಿಜಿಸ್ಟರಿನಲ್ಲಿ ಬರೆದು, ಸ್ಟೋರಿಗೆ ಒಪ್ಪಿಸತಕ್ಕದ್ದು. ಅತ್ತಿತ್ತ ನೋಡಿ, ಒರೆಸಿ, ಸದ್ದಿಲ್ಲದೆ ಪೆಟ್ಟಿಗೆಗೆ ಸೇರಿಸಿದವರಿಗೆ ಮಾರನೆಯ ಪಾಳಿಯಲ್ಲಿ ಅದೇ ಪೆಟ್ಟಿಗೆಯನ್ನು ಕೊಡತಕ್ಕದ್ದು.