ಶನಿವಾರದ ರೈತರು

ಬೆಂಗಳೂರಿನಿಂದ ಕನಕಪುರ, ಮಾಗಡಿ, ದೊಡ್ಡಬಳ್ಳಾಪುರ ಯಾವ ಕಡೆಗೆ ಹೊರಟರೂ ಗಂಟೆ ಒಂದೂವರೆ ಗಂಟೆಯ ದಾರಿಯಲ್ಲಿ ಶನಿವಾರದ ರೈತರು ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ದೊಡ್ಡ ಗೇಟು, ಸೋಲಾರ್ ಬೇಲಿ, ಕೆಸರು ಕಾಣದ ಗಂಬೂಟು, ಬಾಯಿ ತೆರೆದರೆ ಸಹಜ ಕೃಷಿಯ ಫುಕುವೋಕಾ. 2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋಗಿ, ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿಯಾಯಿತು. ಹಾಗೆಂದು ಅದಕ್ಕೆ ಮುಂಚೆ ಇವರು ಇರಲಿಲ್ಲವೆಂದಲ್ಲ. ತಾತನ ಪಹಣಿ ಹುಡುಕುತ್ತಾ ತಾಲ್ಲೂಕು ಕಚೇರಿ ಸುತ್ತುತ್ತಿದ್ದರು, ಅಷ್ಟೆ. ಜಮೀನು ಕೊಂಡ ಮೊದಲ ವರ್ಷ ಸಿರಿಧಾನ್ಯ, ಎರಡನೆಯ ವರ್ಷ ಜೀವಾಮೃತ, ಮೂರನೆಯ ವರ್ಷಕ್ಕೆ ನಾಟಿ ಕೋಳಿ. ಕೋಳಿಯ ಹಂತ ತಲುಪಿದವರು ಆಡುವ ಪ್ರತಿ ಮಾತಿಗೂ 'ಸಹಜ' ಎಂಬ ಒಗ್ಗರಣೆ ಬೀಳುತ್ತದೆ. ನನ್ನ ತಕರಾರು ಆ ವಿಶೇಷಣದ ಮೇಲೆಯೇ. ಅವರ ತೋಟದಲ್ಲಿ ಮಣ್ಣು ಸಹಜವಿರಬಹುದು, ಗೊಬ್ಬರ ಸಹಜವಿರಬಹುದು, ಕೋಳಿ ಸಾಕಣೆ ಮಾತ್ರ ಹಾಗಿರಲು ಸಾಧ್ಯವಿಲ್ಲ. ಏಕೆಂದರೆ ಕೋಳಿಗೆ ವಾರದಲ್ಲಿ ಏಳು ದಿನವೂ ಸಂಜೆಯಾಗುತ್ತದೆ.

ಹಳ್ಳಿಮನೆಯ ಹಿತ್ತಿಲ ಕೋಳಿಯನ್ನೇ ನೋಡಿ. ಅದು ತಿಪ್ಪೆ ಕೆದರಿ ಹುಳ ತಿನ್ನುತ್ತದೆ, ಕಣದಲ್ಲಿ ಉದುರಿದ ರಾಗಿ ಹೆಕ್ಕುತ್ತದೆ, ಪಾತ್ರೆ ತೊಳೆದ ಕಡೆ ಬಿದ್ದ ಅಗುಳು ನುಂಗುತ್ತದೆ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ, ನಡುನಡುವೆ ಇಪ್ಪತ್ತೊಂದು ದಿನದ ಕಾವು. ಫಾರಂ ಕೋಳಿ ಮುನ್ನೂರು ಇಡುವ ಕಾಲದಲ್ಲಿ ಇದು ನಗೆಪಾಟಲಿನ ಲೆಕ್ಕವೇ. ಆದರೂ ಆ ಮನೆಗೆ ನಷ್ಟವಿಲ್ಲ. ಕೋಳಿ ತಿಂದದ್ದು ಹೇಗೂ ಮಣ್ಣು ಸೇರಬೇಕಾದದ್ದನ್ನು. ಶನಿವಾರದ ತೋಟದಲ್ಲಿ ತಿಪ್ಪೆಯೇ ಇಲ್ಲ. ಎರೆಹುಳು ತೊಟ್ಟಿಗೆ ಮುಚ್ಚಳವಿದೆ, ಮುಚ್ಚಳಕ್ಕೆ ಜಾಲರಿಯಿದೆ. ಅಡುಗೆಮನೆಯ ಒಲೆ ವಾರಕ್ಕೆರಡು ದಿನ ಉರಿಯುತ್ತದೆ. ಹಾಗಾಗಿ ಕೋಳಿಯ ಆಹಾರ ಸಾವಯವದ ಚೀಟಿ ಅಂಟಿಸಿಕೊಂಡು ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತದೆ. ಇಪ್ಪತ್ತು ಹೇಂಟೆ, ವರ್ಷಕ್ಕೆ ಹೆಚ್ಚೆಂದರೆ ಸಾವಿರದಿನ್ನೂರು ಮೊಟ್ಟೆ ಎನ್ನಿ. ತೋಟ ಕಾಯುವವರಿಗೆ ತಿಂಗಳಿಗೆ ಹದಿನೈದು ಸಾವಿರ ಕೊಟ್ಟು, ಅದರಲ್ಲಿ ಮೂರನೆಯ ಒಂದು ಪಾಲನ್ನಷ್ಟೇ ಕೋಳಿಯ ಲೆಕ್ಕಕ್ಕೆ ಹಾಕಿದರೂ ಒಂದು ಮೊಟ್ಟೆಗೆ ಐವತ್ತು ರೂಪಾಯಿ ಬಿತ್ತು. ಪೆಟ್ರೋಲು ಬೇರೆ. ಅದೇ ಕಾವಲಿನವನ ಹೆಂಡತಿ ತನ್ನ ಶೆಡ್ಡಿನ ಹಿಂದೆ ಸಾಕಿಕೊಂಡ ಮೂರು ಕೋಳಿಗೆ ಖರ್ಚೇ ಇಲ್ಲ, ಮತ್ತು ಅವು ದುಂಡಗಿವೆ.

ಕೋಳಿ ತೋಟದ ಹುಳ ತಿಂದು ಗೊಬ್ಬರ ಕೊಡುತ್ತದಲ್ಲ ಎಂದು ಇವರು ವಾದಿಸುತ್ತಾರೆ. ನಿಜವೇ. ಆದರೆ ಹುಳ ಯಾವುದು, ನಿನ್ನೆ ನೆಟ್ಟ ಸೊಪ್ಪಿನ ಸಸಿ ಯಾವುದು ಎಂಬ ಭೇದ ಕೋಳಿಗಿಲ್ಲ. ತೇವ ಉಳಿಯಲೆಂದು ಗಿಡದ ಬುಡಕ್ಕೆ ಹೊದಿಸಿದ ತರಗೆಲೆಯನ್ನು ಅರ್ಧ ಗಂಟೆಯಲ್ಲಿ ಕೆದರಿ ಎರಡು ಮಾರು ದೂರ ಎಸೆಯುತ್ತದೆ. ಅದರ ಹಿಕ್ಕೆ ಹಸಿಯಾಗಿ ಬಿದ್ದರೆ ಎಳೆ ಗಿಡ ಸುಟ್ಟುಹೋಗುತ್ತದೆ, ಕೊಳೆಸಿಯೇ ಹಾಕಬೇಕು. ಕೋಳಿಯೂ ತರಕಾರಿಯೂ ಒಂದೇ ತೋಟದಲ್ಲಿ ಬಾಳಬೇಕಾದರೆ ಗೂಡನ್ನು ಸರಿಸುತ್ತಾ, ಪಾತಿಗಳಿಗೆ ಸರದಿಯಲ್ಲಿ ಬಲೆ ಕಟ್ಟುತ್ತಾ ಇರುವ ಕೈ ಬೇಕು. ಜೀವಾಮೃತವೆಂಬ ದ್ರವಗೊಬ್ಬರದ ಕಥೆಯೂ ಅಷ್ಟೆ. ಇನ್ನೂರು ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಬೆಲ್ಲ ಹಾಕುವುದು ಯಜಮಾನರು, ಫೋಟೋ ಸಮೇತ. ಸೋಮವಾರದಿಂದ ಕದಡುವವರ ಫೋಟೋ ಯಾರೂ ತೆಗೆಯುವುದಿಲ್ಲ.

ಸಂಜೆಯ ವಿಷಯ ಇನ್ನೂ ಗಂಭೀರ. ಮಬ್ಬಾದರೆ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಆ ಹೊತ್ತಿಗೆ ಎಣಿಸಿ ಗೂಡು ಮುಚ್ಚಬೇಕು. ಇವರು ಅದಕ್ಕೆ ಕ್ಯಾಮೆರಾ ಹಾಕಿಸಿದ್ದಾರೆ. ಕಾಡುಬೆಕ್ಕು ಹೇಂಟೆಯನ್ನು ಕಚ್ಚಿಕೊಂಡು ಹೋಗುವುದನ್ನು ಹದಿನಾಲ್ಕನೆಯ ಮಹಡಿಯಲ್ಲಿ ಕುಳಿತು ಬಹಳ ಸ್ಪಷ್ಟವಾಗಿ ನೋಡಬಹುದು. ರೋಗದ ವಿಚಾರದಲ್ಲಂತೂ ಇವರು ಹಟವಾದಿಗಳು: ಸಹಜ ಕೋಳಿಗೆ ಲಸಿಕೆ ಏಕೆ, ಬೆಳ್ಳುಳ್ಳಿ ಅರಿಶಿನ ಸಾಕು. ಆದರೆ ಕೋಳಿಗೆ ತಗಲುವ ಕೊಕ್ಕರೆ ರೋಗ ವೈರಸ್ಸಿನಿಂದ ಬರುವಂಥದ್ದು. ಬಂದಮೇಲೆ ಔಷಧವಿಲ್ಲ, ತಡೆಯಲು ಲಸಿಕೆಯೊಂದೇ. ಮರಿಗೆ ಮೊದಲ ವಾರ ಹಾಕುವ ಒಂದು ಹನಿಗೂ ಫಾರಂನವರು ಸುರಿಯುವ ಆ್ಯಂಟಿಬಯಾಟಿಕ್‌ಗೂ ಸಂಬಂಧವಿಲ್ಲ. ಹಳ್ಳಿಯಲ್ಲಿ ಲಸಿಕೆ ಹಾಕಿಸುತ್ತಿದ್ದರೇ ಎಂದು ಕೇಳಬಹುದು. ಇಲ್ಲ, ಅದಕ್ಕೇ ಅಲ್ಲಿ ಒಂದು ಬೇಸಿಗೆಗೆ ಕೇರಿಗೆ ಕೇರಿಯ ಕೋಳಿಯೇ ಖಾಲಿಯಾಗುತ್ತಿತ್ತು. ಅಜ್ಜಿಯ ಜಾಣತನ ಕಲಿಯಲಿ, ಅಜ್ಜಿಯ ನಷ್ಟವನ್ನೂ ಕಲಿಯಬೇಕಿಲ್ಲ.

ಸ್ವಂತ ದುಡ್ಡು, ಸ್ವಂತ ಜಮೀನು, ನಿಮಗೇನು ಹೊಟ್ಟೆಯುರಿ ಎಂದರೆ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಗಾಲ್ಫ್ ಆಡುವುದಕ್ಕಿಂತ ಇದು ಎಷ್ಟೋ ಮೇಲು. ಮೊಟ್ಟೆಯ ಭಂಡಾರ ಕಿತ್ತಳೆ ಬಣ್ಣಕ್ಕಿದೆ ನೋಡಿ ಎಂದರೆ, ಅದು ಹಸಿರು ಸೊಪ್ಪಿನ ಬಣ್ಣ, ಆಹಾರಕ್ಕೆ ಚೆಂಡುಹೂವಿನ ಪುಡಿ ಬೆರೆಸಿ ಫಾರಂನವರೂ ಬರಿಸುತ್ತಾರೆ. ನಾಟಿ ತಳಿ ಉಳಿಸುತ್ತಿದ್ದೇವೆ ಎಂಬ ಮಾತಿಗೆ ಮಾತ್ರ ತೂಕವಿದೆ, ಹುಂಜ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯದಾಗಿರದಿದ್ದರೆ. ಅನೇಕ ತೋಟಗಳಲ್ಲಿ ನಾಟಿ ಎಂದು ಮಾರಿದವನು ಕೊಟ್ಟದ್ದು ಅದನ್ನೇ. ಒಳ್ಳೆಯ ಕೋಳಿಯೇ, ಆದರೆ ಕಾವಿಗೆ ಕೂರುವುದಿಲ್ಲ. ಕೂರಲಿ ಎಂದು ಯಜಮಾನರು ಪುಸ್ತಕ ತಿರುವುತ್ತಾರೆ, ವಿಡಿಯೋ ನೋಡುತ್ತಾರೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬುದು ಗಾದೆ. ಇವರು ಕೋಳಿಯನ್ನಾದರೂ ಕೇಳಿಯಾರು, ಶೆಡ್ಡಿನ ಹಿಂದಿನ ಹೆಂಗಸನ್ನು ಕೇಳುವುದಿಲ್ಲ.

ಹಾಗಾದರೆ ಕೋಳಿಯನ್ನೇ ಬಿಡಬೇಕೇ? ಬೇಡ. ಕುರಿ, ಎಮ್ಮೆಗಳನ್ನು ಪಾಲಿಗೆ ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಕೋಳಿಯನ್ನೂ ಆಕೆಗೆ ಪಾಲಿಗೆ ಕೊಡಲಿ. ಮರಿಯಲ್ಲಿ ಅರ್ಧ, ಮೊಟ್ಟೆಯಲ್ಲಿ ಅರ್ಧ, ಲಸಿಕೆಯ ಖರ್ಚು ಯಜಮಾನರದು. ಗೂಡಿನ ಬಾಗಿಲು ತಪ್ಪದೆ ಮುಚ್ಚುತ್ತದೆ, ಶೆಡ್ಡಿನ ಎದುರು ಒಂದು ಪುಟ್ಟ ತಿಪ್ಪೆಯೂ ಹುಟ್ಟುತ್ತದೆ. ಅಡ್ಡಿಯಿರುವುದು ಒಂದೇ: ಆಕೆ ಯುಗಾದಿಯ ಮರುದಿನ ಹೊಸತೊಡಕಿಗೆ ತನ್ನ ಪಾಲಿನ ಹುಂಜವನ್ನು ಸಾರು ಮಾಡುತ್ತಾಳೆ, ಯಜಮಾನರು ಅದಕ್ಕೆ ಆಗಲೇ ಹೆಸರಿಟ್ಟಿರುತ್ತಾರೆ.